ಕೀರಲು ದನಿ ರಾಣಿಯದಲ್ಲ, ನಿಮ್ಮ ಫೈಲಿನದು

ಹರ್ಬರ್ಟ್ ವಿಲ್ಕಾಕ್ಸ್ 1934ರಲ್ಲಿ ತೆಗೆದ ಬ್ರಿಟಿಷ್ ಹಾಡಿನ ಸಿನಿಮಾ ‘ದಿ ಕ್ವೀನ್ಸ್ ಅಫೇರ್’ನ ವೀಡಿಯೊ ಫೈಲು ನೋಡಿದವರದ್ದು ಮತ್ತದೇ ರಾಗ: ‘ಆನಾ ನೀಗಲ್ ದನಿ ಏನ್ರೀ ಇಷ್ಟು ಕೀರಲು?’ ಸ್ವಾಮಿ, ಸಿನಿಮಾದಲ್ಲಿ ನೀಗಲ್ ಕ್ರಾಂತಿಯಲ್ಲಿ ಸಿಂಹಾಸನ ಕಳಕೊಂಡ ರಾಣಿ, ಪಾಪ. ಈಗ ಅವಳ ಶ್ರುತಿಯನ್ನೂ ಕಿತ್ಕೊಂಡಿದ್ದೀರಿ.

ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ಬ್ರಿಟನ್ನಿನ ಹಳೇ ಟೀವಿ, ಡಿವಿಡಿಗಳ ಪಾಲ್ (PAL) ಎಂಬ ವೀಡಿಯೊ ಪದ್ಧತಿಯಲ್ಲಿ 25. ಆ ಒಂದು ಫ್ರೇಮ್ ಹೊಂದಿಸೋ ಗೋಜು ಯಾರಿಗೆ ಬೇಕು? ಇಡೀ ಸಿನಿಮಾವನ್ನೇ 25ರಲ್ಲಿ ಓಡಿಸಿಬಿಡೋದು ವಾಡಿಕೆ. ಚಿತ್ರದ ಪಕ್ಕದಲ್ಲೇ ಅಚ್ಚಾಗಿರೋ ಧ್ವನಿಯೂ ಜೊತೆಗೇ ಓಡುತ್ತೆ. ವೇಗ ಶೇ. 4 ಜಾಸ್ತಿ, ಶ್ರುತಿ ಹೆಚ್ಚುಕಮ್ಮಿ ಮುಕ್ಕಾಲು ಅರ್ಧಸ್ವರ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರವೇ ಒಂದು ಅರ್ಧಸ್ವರ) ಮೇಲೆ. 440 ಹರ್ಟ್ಸ್ ಇದ್ದದ್ದು 458. ಹಾರ್ಮೋನಿಯಂ ಹಿಡಿದು ನೋಡಿ, ಹಾಡು ಯಾವ ಮನೆಯಲ್ಲೂ ಕೂರಲ್ಲ. ಎರಡು ಮನೆಗಳ ಸಂದಿಯಲ್ಲಿ ನೇತಾಡುತ್ತೆ.

‘ಶೇ. 4 ತಾನೇ, ಯಾರಿಗೆ ಗೊತ್ತಾಗುತ್ತೆ’ ಅನ್ನೋರಿದ್ದಾರೆ. ಬರೀ ಗುಂಡಿನ ಚಕಮಕಿ ಸಿನಿಮಾ ಆದರೆ ಬಿಡಿ. ಹಾಡೇ ಬಂಡವಾಳವಾಗಿರೋ ಸಿನಿಮಾಗೂ ಇದೇ ಮಾತಾ? ಕಛೇರಿ ನಡುವೆ ತಂಬೂರಿ ಇಷ್ಟು ಏರಿದ್ರೆ ಇವರೇ ಮೊದಲು ಎದ್ದು ಹೋಗ್ತಿದ್ರು.

ಪತ್ತೆ ಹಚ್ಚೋದು ಸುಲಭ. ಆ ಕಾಲದ ಬ್ರಿಟಿಷ್ ದಾಖಲೆಗಳಲ್ಲಿ ಸಿನಿಮಾದ ಉದ್ದ ಅಡಿ ಲೆಕ್ಕದಲ್ಲಿರುತ್ತೆ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತೆ. ಉದಾಹರಣೆಗೆ, 7200 ಅಡಿ ಅಂದ್ರೆ 80 ನಿಮಿಷ. ಫೈಲು 76 ನಿಮಿಷ 48 ಸೆಕೆಂಡಿಗೇ ಮುಗಿದರೆ ಕಳ್ಳ ಸಿಕ್ಕ. ಇಷ್ಟಕ್ಕೇ ‘ಸೆನ್ಸಾರ್ ಮೂರು ನಿಮಿಷ ಕತ್ತರಿಸಿದೆ’ ಅಂತ ಪತ್ತೇದಾರಿಕೆ ಮಾಡೋ ಮಹಾನುಭಾವರೂ ಉಂಟು.

ಇದಕ್ಕೆ ಮದ್ದು: ವಿಎಲ್‌ಸಿ (VLC) ಅನ್ನೋ ವೀಡಿಯೊ ಪ್ಲೇಯರಿನಲ್ಲಿ ವೇಗ 0.96ಕ್ಕೆ ಇಳಿಸಿ. ಇಷ್ಟೇ ಮಾಡಿ ‘ಏನೂ ಬದಲಾಗಲಿಲ್ಲ’ ಅಂತ ಬರಬೇಡಿ! ಅದು ತಾನಾಗೇ ಶ್ರುತಿಯನ್ನ ಇದ್ದಲ್ಲೇ ಹಿಡಿದಿಡುತ್ತೆ. ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಟೈಮ್-ಸ್ಟ್ರೆಚಿಂಗ್ ಅನ್ನೋ ಟಿಕ್ ತೆಗೆದರೆ ಮಾತ್ರ ದನಿ ಕೆಳಗಿಳಿಯೋದು. ಫೈಲನ್ನೇ ಶಾಶ್ವತವಾಗಿ ಸರಿಮಾಡಬೇಕಾ? ಎಫ್‌ಎಫ್‌ಎಂಪೆಗ್ (FFmpeg) ಅನ್ನೋ ವೀಡಿಯೊ ಪರಿವರ್ತಿಸೋ ತಂತ್ರಾಂಶದಲ್ಲಿ ಚಿತ್ರವನ್ನ 24 ಫ್ರೇಮ್‌ಗೆ ತನ್ನಿ. 48000 ಸ್ಯಾಂಪಲ್ ದರದ (ಸೆಕೆಂಡಿಗೆ ಅಷ್ಟು ಧ್ವನಿ ಮಾದರಿಗಳಿರೋ) ಧ್ವನಿಯನ್ನ 46080 ಅಂತ ಓದಿಸಿ, ಆಮೇಲೆ 48000ಕ್ಕೆ ಮರಳಿಸಿ.

ಮೊದಲು ಹಾರ್ಮೋನಿಯಂ ಪರೀಕ್ಷೆ ಮಾತ್ರ ಮರೀಬೇಡಿ. ಕೆಲವು ಡಿಸ್ಕ್‌ಗಳಲ್ಲಿ ವೇಗ ಏರಿಸಿ ಶ್ರುತಿಯನ್ನಷ್ಟೇ ತಿದ್ದಿರ್ತಾರೆ. ಅಂಥದ್ದನ್ನ ಮತ್ತೆ ಇಳಿಸಿದರೆ ರಾಣಿಗೆ ನೆಗಡಿಯಾದ ಹಾಗೆ ಕೇಳುತ್ತೆ. ಅದಕ್ಕೆ ಟಿಕ್ ಮುಟ್ಟದೆ ಬರೀ 0.96 ಸಾಕು.