ಉಚ್ಚರಿಸದ ಅಕ್ಷರಕ್ಕೆ ಉತ್ತಮ ಕುಲ

ಹದಿನಾರನೆಯ ಶತಮಾನದ ಆಸುಪಾಸಿನಲ್ಲಿ ಇಂಗ್ಲೆಂಡಿನ ಪಂಡಿತರಿಗೆ ಒಂದು ಕೊರಗು ಹತ್ತಿಕೊಂಡಿತು. ತಮ್ಮ ನುಡಿಯ ಪದಗಳು ತೀರಾ ಹಳ್ಳಿಗಾಡಿನವು, ಲ್ಯಾಟಿನ್ ಮನೆತನದ ಕಳೆಯೇ ಇಲ್ಲ! ಹೊಸದಾಗಿ ದುಡ್ಡು ಕಂಡವರು ವಂಶಾವಳಿ ಬರೆಸಿಕೊಳ್ಳುವಂತೆ ಅವರು ಪದಗಳಿಗೆ ಪೂರ್ವಜರನ್ನು ಅಂಟಿಸತೊಡಗಿದರು.

ಸಾಲವನ್ನೇ ನೋಡಿ. ಫ್ರೆಂಚರಿಂದ ತಂದ 'ಡೆಟ್' ಪದದಲ್ಲಿ 'ಬಿ' ಇರಲಿಲ್ಲ. ಲ್ಯಾಟಿನ್ನಿನ 'ಡೆಬಿಟಂ'ನಲ್ಲಿ ಇತ್ತಲ್ಲ, ಎತ್ತಿ ತಂದು ತುರುಕಿದರು. ಯಾವ ನಾಲಿಗೆಯೂ ಅದನ್ನು ಮುಟ್ಟಲಿಲ್ಲ. ಷೇಕ್ಸ್‌ಪಿಯರನ ನಾಟಕವೊಂದರಲ್ಲಿ ಹಾಲೊಫರ್ನಿಸ್ ಎಂಬ ಮೇಷ್ಟ್ರು 'ಬಿ' ನುಂಗುವವರ ಮೇಲೆ ಕೆಂಡ ಕಾರುತ್ತಾನೆ. ಪ್ರೇಕ್ಷಕರು ನಗಲೆಂದು ಹುಟ್ಟಿದ ಆ ಮೇಷ್ಟ್ರೇ ಕೊನೆಗೆ, ಕಾಗದದ ಮೇಲಾದರೂ, ಗೆದ್ದ. ಹಾಗೆಯೇ 'ರಿಸೀಟ್'ಗೆ ಒಂದು 'ಪಿ' ದಕ್ಕಿತು. ಅದೇ ಬೇರಿನ 'ಡಿಸೀಟ್'ಗೆ ದಕ್ಕಲಿಲ್ಲ. ರಶೀದಿಗೆ ಮರ್ಯಾದೆ, ಮೋಸಕ್ಕೆ ಬರಿಗೈ.

ಇವುಗಳದ್ದು ದೂರದ್ದಾದರೂ ನಿಜವಾದ ನೆಂಟಸ್ತಿಕೆ. 'ಐಲ್ಯಾಂಡ್'ನದ್ದು ಅಪ್ಪಟ ನಕಲಿ ದಾಖಲೆ. ಅದು ಹಳೆಯ ಇಂಗ್ಲಿಷಿನ ಮನೆಮಗಳು. ದ್ವೀಪಕ್ಕೆ ಲ್ಯಾಟಿನ್ನಿನಲ್ಲಿರುವ 'ಇನ್ಸುಲಾ'ಗೂ ಅದಕ್ಕೂ ರಕ್ತಸಂಬಂಧವೇ ಇಲ್ಲ. ಫ್ರೆಂಚಿನಿಂದ ಬಂದ, ದ್ವೀಪವೆಂದೇ ಅರ್ಥವಿರುವ 'ಐಲ್' (isle) ಪಕ್ಕದಲ್ಲಿ ನಿಂತಿತ್ತೆಂಬ ಒಂದೇ ಕಾರಣಕ್ಕೆ 'ಎಸ್' ಹೊರಿಸಿದರು. ಫ್ರೆಂಚರು ಮುಂದೆ ತಮ್ಮ 'ಎಸ್' ಬಿಸುಟು, ಅಕ್ಷರದ ನೆತ್ತಿಗೆ ಟೋಪಿ (î) ಇಟ್ಟು ಹಗುರಾದರು. ಇನ್ನು 'ಟಾರ್ಮಿಗನ್' ಎಂಬುದು ಸ್ಕಾಟ್ಲೆಂಡಿನ ಬೆಟ್ಟದ ಹಕ್ಕಿ, ಹೆಸರು ಅಲ್ಲಿಯ ಹಳೆಯ ನುಡಿಯಾದ ಗೇಲಿಕ್‌ನದು. ಗ್ರೀಕಿನಲ್ಲಿ ರೆಕ್ಕೆಗೆ 'ಪ್ಟೆರಾನ್' ಎನ್ನುತ್ತಾರೆಂದು ಅದರ ಮೂತಿಗೂ 'ಪಿ' ಕಟ್ಟಿದರು. ಈ ಲೆಕ್ಕದಲ್ಲಿ ನಮ್ಮ ಕಾಗೆಯೂ ಅಥೆನ್ಸಿನದೇ.

ದಂಡ ತೆರುವುದು ಮಾತ್ರ ದಾವಣಗೆರೆಯ ಶಾಲೆಯ ಮಗು. 'ಎಸ್' ಬಿಟ್ಟರೆ ಕೆಂಪು ಶಾಯಿ. ಸಾವಿರ ವರ್ಷಗಳ ಹಿಂದೆ ಇಂಗ್ಲಿಷರೇ ಅದನ್ನು ಬಿಟ್ಟು ಬರೆಯುತ್ತಿದ್ದರೆಂದು ವಾದಿಸಿದರೆ ಅಧಿಕಪ್ರಸಂಗಿ ಎಂಬ ಬಿರುದು ಬೇರೆ.

ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ 'ಐಲ್ಯಾಂಡ್' ಅಸಂಬದ್ಧ ಪದವೆಂದೇ ಬೈದ. 'ಕಲರ್'ನ 'ಯು'ವನ್ನು ದೇಶಬಿಟ್ಟು ಓಡಿಸಿದ ಆತನಿಗೂ ಈ 'ಎಸ್' ಜಗ್ಗಲಿಲ್ಲ. ಅಲ್ಲೀಗ ಸ್ಪೆಲ್ಲಿಂಗ್ ಬೀ ಎಂಬ, ಮಕ್ಕಳು ವೇದಿಕೆಯ ಮೇಲೆ ಪದಗಳ ಕಾಗುಣಿತ ಒಪ್ಪಿಸುವ ಮಹಾಯಾಗ ನಡೆಯುತ್ತದೆ. ಪದದ ಮೂಲಭಾಷೆ ಯಾವುದೆಂದು ಕೇಳುವ ಹಕ್ಕು ಸ್ಪರ್ಧಿಗೆ ಉಂಟು. 'ಟಾರ್ಮಿಗನ್' ಬಂದಾಗ ಎದುರಿನವರು ಪ್ರಾಮಾಣಿಕವಾಗಿ 'ಗೇಲಿಕ್' ಎನ್ನಬೇಕು. ಅದನ್ನು ನಂಬಿದ ಮಗು 'ಟಿ'ಯಿಂದ ಶುರುಮಾಡಿ, ಗಂಟೆ ಬಾರಿಸಿಕೊಂಡು, ವೇದಿಕೆಯಿಂದ ಇಳಿಯಬೇಕು.