ಹದಿನೈದು ನಿಮಿಷದ ಕೆಲಸ

ನಮ್ಮ ಬಚ್ಚಲು ಮನೆಯ ನಲ್ಲಿಯು ಸೆಕೆಂಡಿಗೊಂದು ಹನಿಯಂತೆ ಸೋರತೊಡಗಿ ಕಳೆದ ಶನಿವಾರಕ್ಕೆ ಸರಿಯಾಗಿ ಹನ್ನೊಂದು ವಾರ ತುಂಬಿತು. ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನ ಬಳಿ ದಾಖಲೆಯಿದೆ: ಆ ನಲ್ಲಿಯ ರಿಪೇರಿಯು ನನ್ನ ಫೋನಿನ ಕ್ಯಾಲೆಂಡರಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ 10 ಗಂಟೆಯಿಂದ 10.15ರವರೆಗೆ ಹಸಿರು ಬಣ್ಣದಲ್ಲಿ ನಮೂದಾಗಿದೆ. ಹಸಿರು ಮನೆಗೆ, ನೀಲಿ ಕಚೇರಿಗೆ, ಕಿತ್ತಳೆ ಆರೋಗ್ಯಕ್ಕೆ. ಈ ಬಣ್ಣಗಳನ್ನು ಹಂಚುವುದಕ್ಕೆ ಒಂದು ಇಡೀ ಸಂಜೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಮನೆಯ ನಾಲ್ಕೂ ನಲ್ಲಿಗಳನ್ನು ಬಿಚ್ಚಿ ಜೋಡಿಸಬಹುದಿತ್ತೆಂದು ನನ್ನ ಹೆಂಡತಿ ಹೇಳಿದ್ದುಂಟು. ಆಕೆ ಮೊದಲಿನಿಂದಲೂ ಯೋಜನೆಗೆ ಬೆಲೆ ಕೊಡುವವಳಲ್ಲ.

ಬಿಡುವಿಲ್ಲದವರು ಮನೆಯ ಸಣ್ಣಪುಟ್ಟ ಕೆಲಸಗಳನ್ನು ಹೇಗೆ ಮುಗಿಸಿಕೊಳ್ಳಬೇಕೆಂಬುದು ಈಗ ಒಂದು ಶಾಸ್ತ್ರವಾಗಿ ಬೆಳೆದು ನಿಂತಿದೆ. ಅದರ ಪಂಡಿತರು ಎಲ್ಲೆಡೆ ಇದ್ದಾರೆ, ಎಲ್ಲರ ಉಪದೇಶವೂ ಒಂದೇ: ಕೆಲಸವನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನು ಹದಿನೈದು ನಿಮಿಷದ ಬಿಡುವಿನಲ್ಲಿ ತುರುಕಿರಿ. ಎರಡು ಮೀಟಿಂಗುಗಳ ನಡುವೆ ಒಂದು ಮೊಳೆ, ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿರುವಾಗ ಒಂದು ಕಿಟಕಿ, ಫೋನಿನಲ್ಲಿ ಯಾರೋ ಮಾತಾಡುತ್ತಿರುವಾಗ ಒಂದು ಬಾಗಿಲಿನ ಚಿಲಕ. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ಅವರು ತಪ್ಪದೆ ನೆನಪಿಸುತ್ತಾರೆ. ಈ ಗಾದೆಯನ್ನು ನಮ್ಮ ಮನೆಯಲ್ಲಿ ಶ್ರದ್ಧೆಯಿಂದ ಪಾಲಿಸಿದ್ದು ನಲ್ಲಿಯೊಂದೇ. ನಾಲ್ಕು ಸಾವಿರ ಹನಿಗೆ ಸುಮಾರು ಒಂದು ಲೀಟರ್ ಎಂದು ಹಿಡಿದರೆ, ದಿನದ 86,400 ಸೆಕೆಂಡುಗಳಿಗೆ 21 ಲೀಟರಿಗೂ ಮಿಕ್ಕಿದ ನೀರಾಗುತ್ತದೆ. 77 ದಿನಗಳಿಗೆ ಲೆಕ್ಕ 1,600 ಲೀಟರ್ ದಾಟುತ್ತದೆ. ಒಂದು ದಿನವೂ ರಜೆ ಹಾಕದೆ, ಯಾವ ಕ್ಯಾಲೆಂಡರಿನ ನೆರವೂ ಇಲ್ಲದೆ, ಬರೀ ಚಿಕ್ಕ ಚಿಕ್ಕ ಪ್ರಯತ್ನಗಳಿಂದ ಅದು ಸಾಧಿಸಿದ್ದನ್ನು ನೋಡಿದರೆ, ಪಂಡಿತರು ಮುಂದಿನ ಉಪನ್ಯಾಸಕ್ಕೆ ನಮ್ಮ ನಲ್ಲಿಯನ್ನೇ ಕರೆಯಬೇಕು.

ಹದಿನೈದು ನಿಮಿಷವೆಂಬ ಅಳತೆಯನ್ನು ಪೂರಾ ಸುಳ್ಳೆಂದು ಹೇಳಲಾಗದು. ನಲ್ಲಿಯ ವಾಷರ್ ಎಂದರೆ ಹೆಬ್ಬೆರಳಿನ ಉಗುರಿನಷ್ಟಗಲದ ರಬ್ಬರಿನ ಬಿಲ್ಲೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಲು ನಿಜಕ್ಕೂ ಒಂದು ನಿಮಿಷ ಸಾಕು. ಆದರೆ ಆ ಒಂದು ನಿಮಿಷವನ್ನು ತಲುಪಬೇಕಾದರೆ ಪಾನಾ ಹುಡುಕಬೇಕು. ಪಾನಾ ಇರಬೇಕಾದ ಡಬ್ಬಿಯಲ್ಲಿ ಹಳೆಯ ಚಾರ್ಜರುಗಳಿರುತ್ತವೆ. ಅಂಗಡಿಗೆ ಹೋದರೆ ವಾಷರ್ ಯಾವ ಅಳತೆಯದೆಂದು ಕೇಳುತ್ತಾರೆ. ಅಳತೆ ತಿಳಿಯಬೇಕಾದರೆ ನಲ್ಲಿ ಬಿಚ್ಚಬೇಕು, ಬಿಚ್ಚಬೇಕಾದರೆ ಪಾನಾ ಬೇಕು. ಹೀಗೆ ಮೊದಲ ನಾಲ್ಕು ಶನಿವಾರಗಳು ಕಳೆದವು. ಕೊನೆಗೆ ಎಲ್ಲ ಅಳತೆಯ ವಾಷರುಗಳಿರುವ ಒಂದು ಪೊಟ್ಟಣವನ್ನೇ ಕೊಂಡೆ. ಅದರಲ್ಲಿ ಒಂದನ್ನು ಬಳಸಿ ಉಳಿದ ಮೂವತ್ತೊಂಬತ್ತನ್ನು ಚಾರ್ಜರುಗಳ ಜೊತೆ ಇಡುವುದು ನನ್ನ ಈಗಿನ ಯೋಜನೆ.

ಫೋನಿನ ವಿಡಿಯೋಗಳಲ್ಲಿ ಈ ಓಡಾಟದ ಸುಳಿವೇ ಇರುವುದಿಲ್ಲ. ಅಂಗೈಯಲ್ಲಿ ಅರಮನೆ ತೋರಿಸುವುದು ಎಂಬ ಮಾತು ಫೋನು ಹುಟ್ಟುವ ಮೊದಲೇ ಹೇಗೆ ಹುಟ್ಟಿತೋ ತಿಳಿಯದು. ಅಲ್ಲಿ ಪಾನಾಗಳೆಲ್ಲ ಆ ಪುಣ್ಯಾತ್ಮನ ಬಲಗೈ ಪಕ್ಕದಲ್ಲಿ ಅಳತೆಗೆ ತಕ್ಕಂತೆ ಸಾಲಾಗಿ ಮಲಗಿರುತ್ತವೆ, ತುಕ್ಕು ಹಿಡಿದ ನಟ್ಟು ಎರಡು ಬೆರಳಿಗೇ ಬಿಚ್ಚಿಕೊಳ್ಳುತ್ತದೆ, ಬಳಿದ ಬಣ್ಣ ರೆಪ್ಪೆ ಮಿಟುಕಿಸುವಷ್ಟರಲ್ಲಿ ಒಣಗಿರುತ್ತದೆ.

ಒಣಗುವ ವಿಚಾರವನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಡೀ ಶಾಸ್ತ್ರ ಜಾರಿ ಬೀಳುವುದು ಇನ್ನೂ ಒಣಗದ ಈ ಜಾಗದಲ್ಲೇ. ಗೋಡೆಯ ಮೇಲೆ ಅಂಗೈಯಗಲ ಕಿತ್ತುಹೋಗಿದೆಯೆನ್ನಿ. ಪುಟ್ಟಿ ಮೆತ್ತಬೇಕು, ಒಣಗಬೇಕು. ಉಪ್ಪು ಕಾಗದದಿಂದ ಉಜ್ಜಬೇಕು, ಧೂಳು ಒರೆಸಬೇಕು. ಪ್ರೈಮರ್ ಹಚ್ಚಬೇಕು, ಅದೂ ಒಣಗಬೇಕು. ಆಮೇಲೆ ಎರಡು ಸಲ ಬಣ್ಣ, ಎರಡರ ನಡುವೆ ಕೆಲವು ಗಂಟೆಗಳ ಅಂತರ. ಕೈಗೆ ಒಟ್ಟು ಅರ್ಧ ಗಂಟೆಯ ಕೆಲಸ, ಗೋಡೆಗೆ ಒಂದೂವರೆ ದಿನದ ಕೆಲಸ. ಪಂಡಿತರು ಕೈಯನ್ನು ಮಾತ್ರ ಕೇಳಿ ಲೆಕ್ಕ ಬರೆದುಕೊಂಡಿದ್ದಾರೆ. ಇಷ್ಟೆಲ್ಲ ಆದ ಮೇಲೆ ಆ ಜಾಗ ಹೊಸ ಬಟ್ಟೆಯ ತೇಪೆಯಂತೆ ಹೊಳೆಯುತ್ತದೆ. ಉಳಿದ ಗೋಡೆ ಎಷ್ಟು ಮಾಸಿದೆಯೆಂಬುದು ಮೊದಲ ಬಾರಿಗೆ ಮನೆಮಂದಿಗೆ ಕಾಣುತ್ತದೆ. ಬಚ್ಚಲಿನ ಮೂಲೆಗೆ ಸಿಲಿಕೋನ್ ಸೀಲಂಟ್ ಹಚ್ಚುವುದೂ ಹೀಗೆಯೇ. ಟ್ಯೂಬು ಒತ್ತಿ ಗೆರೆ ಎಳೆಯುವುದಕ್ಕೆ ಎರಡು ನಿಮಿಷ. ಆದರೆ ಹಳೆಯ ಸಿಲಿಕೋನಿನ ಮೇಲೆ ಹೊಸದು ಹಿಡಿಯದಾದ್ದರಿಂದ ಮೊದಲು ಹಳೆಯದನ್ನು ಬ್ಲೇಡಿನಿಂದ ಹೆರೆಯುತ್ತ ಮಂಡಿಯೂರಿ ಕೂರಬೇಕು, ಕೊನೆಗೆ ಅದು ಪೂರ್ತಿ ಗಟ್ಟಿಯಾಗುವ 24 ಗಂಟೆಗಳ ಕಾಲ ಅಲ್ಲಿ ಯಾರೂ ನೀರು ಚೆಲ್ಲದಂತೆ ಕಾವಲಿರಬೇಕು. ಹದಿನೈದು ನಿಮಿಷದ ಕೆಲಸಕ್ಕಾಗಿ ಒಂದು ಇಡೀ ಕುಟುಂಬ ಸ್ನಾನ ಬಿಡುವುದನ್ನು ಯಾವ ವಿಡಿಯೋವೂ ತೋರಿಸಿಲ್ಲ.

ಮರದ ಬಾಗಿಲಿಗಂತೂ ತನ್ನದೇ ಪಂಚಾಂಗವಿದೆ. ತೇವದ ದಿನಗಳಲ್ಲಿ ಅದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಆಗಲೇ ನಮಗೆ ಅದನ್ನು ಹೆರೆಯುವ ಉತ್ಸಾಹ ಬರುತ್ತದೆ. ಆಗ ಹೆರೆದರೆ ಒಣ ದಿನಗಳಲ್ಲಿ ಸಂದು ಬಿಟ್ಟು ಗಾಳಿಗೆ ಬಡಿದುಕೊಳ್ಳುತ್ತದೆ. ನಾನು ಬಾಗಿಲಿಗೆ ನಿಗದಿ ಮಾಡಿದ ಶನಿವಾರಕ್ಕೂ ಹವಾಮಾನಕ್ಕೂ ಇದುವರೆಗೆ ಹೊಂದಾಣಿಕೆಯಾಗಿಲ್ಲ.

ಈ ರೋಗಕ್ಕೆ ವಿದ್ವಾಂಸರು ಹೆಸರಿಟ್ಟು ಬಹಳ ಕಾಲವಾಯಿತು. ತನ್ನ ಕೆಲಸ ಎಷ್ಟು ಬೇಗ ಮುಗಿದೀತೆಂದು ಮನುಷ್ಯನು ಹಿಂದಿನ ಅನುಭವವನ್ನೆಲ್ಲ ಮರೆತು ನಂಬುವುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್ಸ್ಕಿ 1979ರಲ್ಲಿ ಯೋಜನಾ ಭ್ರಮೆ ಎಂದು ಕರೆದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆಂದು ಅಂದಾಜಿಸಿದ ವಿದ್ಯಾರ್ಥಿಗಳಿಗೆ ನಿಜವಾಗಿ ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ಬೇರೆಯವರ ಕೆಲಸವನ್ನು ಅಂದಾಜಿಸುವಾಗ ಮಾತ್ರ ಜನ ಈ ಭ್ರಮೆಗೆ ಬೀಳುವುದಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು. ನಲ್ಲಿ ಸೋರಿದ ಮೊದಲ ದಿನವೇ ನನ್ನ ಹೆಂಡತಿ, "ನಿಮಗೆ ಮೂರು ತಿಂಗಳಾದರೂ ಬೇಕು ಬಿಡ್ರೀ" ಎಂದು ಬಕೆಟ್ ತಂದಿಟ್ಟಿದ್ದಳು. ಆಕೆ ಮನಶ್ಶಾಸ್ತ್ರ ಓದಿದವಳಲ್ಲ.

ಪಂಡಿತರಿಗೆ ಇದಕ್ಕಿಂತ 1955ರಲ್ಲಿ ಬರೆದ ಬ್ರಿಟಿಷ್ ಲೇಖಕ ಪಾರ್ಕಿನ್ಸನ್ ಹೆಚ್ಚು ಪ್ರಿಯ. ಕೊಟ್ಟ ಸಮಯವನ್ನೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆಂದು ಆತ ಹೇಳಿದ್ದರಿಂದ, ಸಮಯವನ್ನೇ ಕಡಿಮೆ ಕೊಟ್ಟರೆ ಕೆಲಸ ಹೆದರಿ ಕುಗ್ಗುತ್ತದೆಂಬುದು ಇವರ ತರ್ಕ. ಪಾರ್ಕಿನ್ಸನ್ ಗೇಲಿ ಮಾಡಿದ್ದು ಸರ್ಕಾರಿ ಕಚೇರಿಗಳ ಕಾಗದ ಪತ್ರಗಳನ್ನು. ಕಾಗದ ಕುಗ್ಗೀತು, ತುಕ್ಕು ಹಿಡಿದ ನಟ್ಟಿಗೆ ಗಡುವಿನ ಭಯವಿಲ್ಲ.

ಇಷ್ಟಕ್ಕೂ ಈ ಉಪದೇಶಗಳು ಬರುವುದು ಎಲ್ಲಿಂದ? ವಾರಕ್ಕೊಮ್ಮೆ ನಮ್ಮ ಕಚೇರಿಯೇ ಒಂದು ಸುತ್ತೋಲೆ ಕಳುಹಿಸುತ್ತದೆ: ಬಿಡುವಿನ ವೇಳೆಯನ್ನು ಜಾಣತನದಿಂದ ಬಳಸಿ, ಮನೆಯನ್ನು ಅಂದಗೊಳಿಸಿ, ಉಲ್ಲಾಸದಿಂದಿರಿ. ಅದು ಬರುವುದು ರಾತ್ರಿ ಒಂಬತ್ತೂವರೆಗೆ, ಮರುದಿನ ಶನಿವಾರದ ತುರ್ತು ಸಭೆಯ ಆಹ್ವಾನದ ಬೆನ್ನಿಗೆ. ಬಟ್ಟೆಯ ಇಡೀ ಥಾನನ್ನು ಹೊತ್ತುಕೊಂಡು ಹೋದವರೇ ಹಿಂದಿರುಗಿ ಬಂದು, ನೆಲದ ಮೇಲೆ ಬಿದ್ದ ಚಿಂದಿಗಳನ್ನು ತೋರಿಸಿ, ಇದರಲ್ಲೇ ಅಂಗಿ ಹೊಲಿದುಕೊಳ್ಳುವ ಕಲೆಯನ್ನು ಕಲಿಸಿದಂತಿದೆ ಇದು. ಅಂಗಿ ಆಗದಿದ್ದರೆ ತಪ್ಪು ನಮ್ಮ ಹೊಲಿಗೆಯದು. ನನ್ನ ಸಹೋದ್ಯೋಗಿಯೊಬ್ಬರು ಈ ಕಲೆಯನ್ನು ಪೂರ್ತಿ ನಂಬಿ, ಸಭೆ ನಡೆಯುತ್ತಿರುವಾಗ ಮೈಕ್ ಮುಚ್ಚಿಟ್ಟು ಗೋಡೆ ಕೊರೆಯುತ್ತಿದ್ದರು. ಅವರ ಅಭಿಪ್ರಾಯ ಕೇಳಿದಾಗ ಗಡಿಬಿಡಿಯಲ್ಲಿ ಮೈಕ್ ತೆರೆದರೇ ಹೊರತು ಡ್ರಿಲ್ ನಿಲ್ಲಿಸಲಿಲ್ಲ. ಆ ಸಭೆಯಲ್ಲಿ ಯಾರಾದರೂ ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೆ ಹೇಳಿದ್ದು ಅದೊಂದೇ ಸಲ. ಬೆಳಗ್ಗೆ ಐದಕ್ಕೆ ಎದ್ದು ಕೆಲಸ ಮುಗಿಸಿ ಎನ್ನುವವರಿಗೆ ಗೋಡೆಗೆ ಎರಡು ಬದಿಗಳಿರುತ್ತವೆಂಬುದನ್ನು ಪಕ್ಕದ ಮನೆಯವರೇ ವಿವರಿಸಬೇಕು.

ಕಳೆದ ಶನಿವಾರ, ಅಂದರೆ ಹನ್ನೆರಡನೆಯ ಹಸಿರು ಗೆರೆಯಂದು, ನಾನು ಸಕಲ ಸಿದ್ಧತೆಯೊಂದಿಗೆ ಇಳಿದೆ. 25 ನಿಮಿಷ ದುಡಿದು 5 ನಿಮಿಷ ವಿರಮಿಸುವ ಪೊಮೊಡೊರೊ ವಿಧಾನವನ್ನು ಆರಿಸಿಕೊಂಡಿದ್ದೆ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬಾತ ಟೊಮೇಟೊ ಆಕಾರದ ಅಡುಗೆಮನೆಯ ಗಡಿಯಾರವಿಟ್ಟುಕೊಂಡು ಓದಲು ಕೂತಾಗ ಕಂಡುಕೊಂಡ ವಿಧಾನವದು. ಆತನ ಮುಂದಿದ್ದದ್ದು ಪುಸ್ತಕ, ಬೇಕೆಂದಾಗ ಮುಚ್ಚಿಡಬಹುದು. ನಾನು ಮನೆಗೆ ನೀರು ಬರುವ ಮುಖ್ಯ ವಾಲ್ವನ್ನು ತಿರುಗಿಸಿ ಮುಚ್ಚಿದೆ, ನಲ್ಲಿ ತೆರೆದು ಕೊಳವೆಯ ನೀರು ಇಳಿಸಿದೆ, ಹಿಡಿ ಕಳಚಿ ಪಾನಾ ಹಾಕಿದೆ. ನೀರಿನ ಸುಣ್ಣ ಕಟ್ಟಿದ್ದ ಸ್ಪಿಂಡಲ್, ಅಂದರೆ ನಲ್ಲಿಯೊಳಗೆ ತಿರುಗುವ ದಂಡ, ಇಪ್ಪತ್ತು ನಿಮಿಷ ಜಗ್ಗಲಿಲ್ಲ. ಆಮೇಲೆ ಒಮ್ಮೆಗೇ ಕಿರ್ರೆಂದು ಸಡಿಲಾಗಿ ನನ್ನ ಗೆಣ್ಣುಗಳನ್ನು ಗೋಡೆಗೆ ಒರೆಸಿತು. ಹಳೆಯ ವಾಷರಿನ ಮೇಲೆ ಉಂಗುರ ಒತ್ತಿದಂತೆ ಒಂದು ಗುಂಡನೆಯ ತೋಡು ಬಿದ್ದಿತ್ತು. ಹನ್ನೊಂದು ವಾರಗಳ ಅಪರಾಧಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿರುವಾಗ ಫೋನು ಟಿಣ್ ಎಂದಿತು. ವಿರಾಮ.

ಒಂದು ಕೈಯಲ್ಲಿ ಸ್ಪಿಂಡಲ್, ಇನ್ನೊಂದರಲ್ಲಿ ವಾಷರ್. ಗೋಡೆಯಲ್ಲಿ ನಲ್ಲಿಯ ಬಾಯಿ ತೆರೆದುಕೊಂಡಿದೆ. ಅದೇ ಗಳಿಗೆಗೆ ಪಕ್ಕದ ಸ್ನಾನದ ಕೋಣೆಯಿಂದ ಮಗಳ ದನಿ ಬಂತು.

"ಅಪ್ಪಾ, ನೀರು ನಿಂತುಹೋಯ್ತು! ತಲೆಯೆಲ್ಲ ನೊರೆ!"

"ಐದು ನಿಮಿಷ ಇರಮ್ಮ, ಈಗ ವಿರಾಮದ ಅವಧಿ" ಎಂದೆ. ನಿಯಮ ನಿಯಮವೇ.

ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದ್ದನ್ನು ಇಲ್ಲಿ ಬರೆಯಲಾಗದು. ಹೆಂಡತಿ ಬಾಗಿಲಲ್ಲಿ ಬಂದು ನಿಂತು, ನಲ್ಲಿಯಡಿಯ ಬಕೆಟ್ಟಿನಲ್ಲಿ ರಾತ್ರಿಯಿಡೀ ಹನಿಹನಿಯಾಗಿ ತುಂಬಿದ್ದ ನೀರನ್ನು ಎತ್ತಿಕೊಂಡು ಹೋಗಿ ಮಗಳ ತಲೆಗೆ ಸುರಿದಳು. ಸೋರುವ ನಲ್ಲಿ ಅಂದು ಮಾಡಿದ ಉಪಕಾರವನ್ನು ರಿಪೇರಿ ಮಾಡುವವನು ಮಾಡಲಿಲ್ಲ. 10.30ಕ್ಕೆ ನೀಲಿ ಬಣ್ಣದ ಸಭೆಯೂ ಶುರುವಾಯಿತು. ಅದು ಮುಗಿಯುವವರೆಗೆ ನಮ್ಮ ಮನೆ ನೀರಿಲ್ಲದೆ ಕಾದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಬಿಚ್ಚುವ ಪಾಲಿನ ಕೆಲಸವನ್ನು ಮಾತ್ರ ನಾನು ಗಡುವಿನ ಸಮೀಪಕ್ಕೆ ಮುಗಿಸಿದ್ದೆ.

ಮಧ್ಯಾಹ್ನ 1.40ಕ್ಕೆ ನಲ್ಲಿ ಮತ್ತೆ ತನ್ನ ಜಾಗದಲ್ಲಿ ಕೂತಿತು. ಮುಖ್ಯ ವಾಲ್ವನ್ನು ತೆರೆದು ಬಂದು, ಕೈಗಡಿಯಾರ ಹಿಡಿದು ಪೂರ್ತಿ ಎರಡು ನಿಮಿಷ ಕಾದೆ. ಒಂದು ಹನಿಯೂ ಬೀಳಲಿಲ್ಲ. ಕ್ಯಾಲೆಂಡರಿನಲ್ಲಿ ಮುಗಿಯಿತೆಂದು ಗುರುತು ಹಾಕುತ್ತಿರುವಾಗ, ಹೊರಗಿನಿಂದ ಟಪ್ ಎಂದು ಕೇಳಿತು. ವರ್ಷಗಳಿಂದ ಯಾರೂ ಮುಟ್ಟದೆ ಸುಖವಾಗಿದ್ದ ಮುಖ್ಯ ವಾಲ್ವು, ನಾನು ಮುಚ್ಚಿ ತೆರೆದ ರಭಸಕ್ಕೆ ಕುತ್ತಿಗೆಯಲ್ಲಿ ಸಡಿಲಗೊಂಡು, ಎರಡು ಸೆಕೆಂಡಿಗೊಂದರಂತೆ ಹನಿಯತೊಡಗಿತ್ತು.

"ಅರ್ಧಕ್ಕರ್ಧ ಸುಧಾರಣೆ" ಎಂದು ಹೆಂಡತಿಗೆ ಹೇಳಿದೆ. "ಆ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಾಕು, ಹದಿನೈದು ನಿಮಿಷವೂ ಬೇಡ. ಮುಂದಿನ ಶನಿವಾರ ಹತ್ತಕ್ಕೆ ಬರೆದುಕೊಂಡಿದ್ದೇನೆ."

ಆಕೆ ಮಾತಾಡದೆ ಒಳಗೆ ಹೋಗಿ, ಬಚ್ಚಲಿನ ಬಕೆಟ್ಟನ್ನು ಎತ್ತಿ ತಂದು ವಾಲ್ವಿನ ಕೆಳಗಿಟ್ಟಳು.