ಲೆನ್ಸಿನೊಳಗೆ ಮತ್ತೆ ಬೂಷ್ಟು!

ಹಳೇ ಕ್ಯಾಮೆರಾ ಲೆನ್ಸ್ ಕೊಳ್ಳೋದೇ ಬೇಡ ಅನಿಸಿಬಿಟ್ಟಿದೆ. ನಿನ್ನೆ ಬಂದ 50 ಎಂಎಂ ಲೆನ್ಸಿನಲ್ಲೂ ಫಂಗಸ್! ಮಾರಿದವರು ಬರೆದಿದ್ದು 'ಗ್ಲಾಸ್ ಕ್ಲೀನ್, ಮಿಂಟ್ ಕಂಡೀಷನ್', ಅಂದರೆ ಹೊಸದರ ಹಾಗೇ ಇದೆ ಅಂತ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಕೇಳಿದರೆ "ಅದು ಬರೀ ಧೂಳು ಸಾರ್, ಫೋಟೋದಲ್ಲಿ ಬರಲ್ಲ" ಅನ್ನುತ್ತಾರೆ. ಧೂಳು ಎಲ್ಲಾದರೂ ಕವಲೊಡೆಯುತ್ತದಾ? ಬಿಸಿಲಿಗೆ ಎದುರಾಗಿ ಒಂದು ಫೋಟೋ ತೆಗೆದು ನೋಡಲಿ. ಕಾಂಟ್ರಾಸ್ಟೇ ಇರುವುದಿಲ್ಲ, ಎಲ್ಲಾ ಮಬ್ಬು.

ಇದು ಸುಮ್ನೆ ಒರೆಸಿದರೆ ಹೋಗುವ ಕೊಳೆಯಲ್ಲ. ಈ ಬೂಷ್ಟು ಆಮ್ಲ ಬಿಡುತ್ತದೆ. ಅದು ಮೊದಲು ಗಾಜಿನ ಮೇಲಿನ ತೆಳು ಲೇಪ, ಅಂದರೆ ಕೋಟಿಂಗ್ ತಿನ್ನುತ್ತದೆ, ಬಿಟ್ಟರೆ ಗಾಜನ್ನೂ ಕೊರೆಯುತ್ತದೆ. ಆಮೇಲೆ ಬೂಷ್ಟು ತೆಗೆದರೂ ಕಲೆ ಉಳಿಯುತ್ತದೆ. ಅಂಟಿಸಿದ ಎರಡು ಗಾಜುಗಳ ನಡುವೆ ಹೊಕ್ಕರಂತೂ ಮುಗಿಯಿತು. ರಿಪೇರಿಯವರೂ ಕೈ ಎತ್ತುತ್ತಾರೆ. ಯಾರಾದರೂ ಒಪ್ಪಿದರೆ, ಅವರು ಕೇಳುವ ದುಡ್ಡಿಗೆ ಇನ್ನೊಂದು ಲೆನ್ಸೇ ಬರುತ್ತದೆ.

ಮಲೆನಾಡು, ಕರಾವಳಿಯ ಮಳೆಗಾಲ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಮರದ ಬಾಗಿಲು, ಎಲ್ಲಕ್ಕೂ ಬೂಷ್ಟು. ಗಾಳಿಯ ತೇವ ಶೇ. 70 ದಾಟಿದರೆ ಇದಕ್ಕೆ ಹಬ್ಬ. ಇಲ್ಲಿ ಶೇ. 90ರ ಆಸುಪಾಸು ದಿನಗಟ್ಟಲೆ ನಿಲ್ಲುತ್ತದೆ. ಅಂಥಾ ಊರಿನಲ್ಲಿ ಲೆನ್ಸನ್ನು ಚರ್ಮದ ಕೇಸಿಗೆ ತುರುಕಿ, ಕತ್ತಲೆ ಬೀರುವಿನಲ್ಲಿ ವರ್ಷಗಟ್ಟಲೆ ಇಡುತ್ತಾರಲ್ಲ! ಆಮೇಲೆ 'ಜಾಸ್ತಿ ಬಳಸಿಲ್ಲ' ಅಂತ ಹೆಮ್ಮೆಯಿಂದ ಮಾರುತ್ತಾರೆ. ಬಳಸದೆ ಮುಚ್ಚಿಟ್ಟಿದ್ದಕ್ಕೇ ಅಲ್ವಾ ಅದು ಹಾಳಾಗಿದ್ದು? ಜಾಹೀರಾತಿನ ಫೋಟೋದಲ್ಲಿ ಕ್ಯಾಪ್ ಕೂಡ ತೆಗೆದಿರುವುದಿಲ್ಲ. ಒಳ್ಳೆಯ ಲೆನ್ಸಾದರೆ ಗಾಜು ತೋರಿಸೋಕೆ ಭಯ ಯಾಕೆ?